ಅಕ್ಕ ಎಳೆದ ಗೆರೆ

ನಮ್ಮ ರತ್ನಕ್ಕ ಹೊಳೆದಡಕ್ಕೆ ಬಂದರೆ ಮೊದಲು ದೋಣಿಯನ್ನು ವಿಚಾರಿಸಿಕೊಳ್ಳುತ್ತಿದ್ದಳು, ಮನುಷ್ಯರನ್ನು ಆಮೇಲೆ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ನೀರಿಗಿಳಿದು ದೋಣಿಯ ಪಕ್ಕೆಯ ಮೇಲೆ ಅಂಗೈ ಆಡಿಸುವಳು, ಎಮ್ಮೆ ಕೊಳ್ಳಲು ಬಂದವರು ಎಮ್ಮೆಯನ್ನು ಮುಟ್ಟಿ ನೋಡುವ ಹಾಗೆ. ತಗಡು ಎಲ್ಲಿ ತುಕ್ಕು ಹಿಡಿದಿದೆ, ಬೆಸುಗೆ ಎಲ್ಲಿ ಬಾಯಿ ಬಿಟ್ಟಿದೆ ಎಂದು ಅವಳ ಕೈಗೆ ಗೊತ್ತಾಗುತ್ತಿತ್ತು. ಅದೆಲ್ಲ ಮುಗಿದ ಮೇಲೆ ತಲೆಯೆತ್ತಿ, "ಏನ್ಲಾ ಮಾದೇವ, ಉಂಡ್ಯಾ?" ಎನ್ನುವಳು. ಒಡಹುಟ್ಟಿದ ತಮ್ಮನಾದ ನನಗೂ ಎರಡನೇ ಸರದಿಯೇ.

ಟಿ. ನರಸೀಪುರದ ನಮ್ಮ ಕೇರಿಯಲ್ಲಿ ಎಂಜಿನಿಯರಿಂಗ್ ಓದಿದ ಮೊದಲ ಹೆಣ್ಣು ಅವಳು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಬಿಡು ಎಂದು ಯಾರೂ ಹೇಳಿರಲಿಲ್ಲ, ನನಗೇ ಬೇಡವಾಗಿತ್ತು. ಅಕ್ಕನಿಗೆ ಬಿಡು ಎಂದು ಹೇಳದವರಿರಲಿಲ್ಲ, ಅವಳು ಬಿಡಲಿಲ್ಲ. ಕರಾವಳಿಯ ಬಂದರಿನಲ್ಲಿ ಕೆಲಸ ಸಿಕ್ಕಿ, ಹೂಳೆತ್ತುವ ಹಡಗುಗಳ ಮೇಲೆ ಗಂಡಸರ ಸಮಕ್ಕೆ ನಿಂತು ದುಡಿದಳು. ಮಂಡಿನೋವು ಹೆಚ್ಚಾದಾಗ ಕೆಲಸ ಬಿಟ್ಟು ಭಾವನ ಊರಾದ ನಂಜನಗೂಡಿಗೆ ಬಂದು ನೆಲೆಸಿದಳು. ಬಂದವಳು ಸುಮ್ಮನಿರಲಿಲ್ಲ. ಬಂದರು, ಹಡಗು, ಕಾಲುವೆಗಳಲ್ಲಿ ಕೆಲಸ ಮಾಡಿ ಸುತ್ತಮುತ್ತ ಬಂದು ಸೇರಿಕೊಂಡಿದ್ದ ಎಂಜಿನಿಯರುಗಳನ್ನೆಲ್ಲ ಹುಡುಕಿ ಒಂದು ಸಂಘ ಕಟ್ಟಿದಳು. ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ 'ಜಲಮಾರ್ಗ ಮತ್ತು ಹಡಗು ಎಂಜಿನಿಯರುಗಳ ಸಂಘ' ಎಂದು ಬೋರ್ಡು ಎದ್ದಿತು.

ಊರಿಗೆ ಊರೇ ನಕ್ಕಿತು. ಎದುರಿನ ಹೋಟೆಲಿನವನು ಟೀ ಕೊಡುತ್ತಾ, ನಂಜನಗೂಡಿಗೆ ಹಡಗು ಎಷ್ಟೊತ್ತಿಗೆ ಬರುತ್ತದೆ, ಬಾಳೆಹಣ್ಣು ತುಂಬಿ ಕಳಿಸಬೇಕಿತ್ತು ಎಂದು ದಿನಾ ಕೇಳುತ್ತಿದ್ದನಂತೆ. ಒಂದು ದಿನ ಅಕ್ಕ ಲೋಟ ಕೆಳಗಿಟ್ಟು ಹೇಳಿದಳು:

"ಹಡಗಿಲ್ಲ, ಸರಿ. ಮುಳುಗೋ ಜನ ಅವ್ರೆ ಕಣಪ್ಪಾ."

ಅದು ಬರೀ ಬಾಯಿಮಾತಾಗಿರಲಿಲ್ಲ. ಕಪಿಲೆ, ಕಾವೇರಿ ಎರಡರಲ್ಲೂ ಓಡಾಡುವ ದೋಣಿಗಳನ್ನು ಸಂಘ ಪರೀಕ್ಷೆ ಮಾಡಬೇಕು ಎಂದು ಹಟ ಹಿಡಿದವಳು ಅವಳು. ಕೆಲಸದ ರೀತಿ ಹೀಗೆ: ದೋಣಿಗೆ ಮರಳಿನ ಮೂಟೆಗಳನ್ನು ಒಂದೊಂದಾಗಿ ಹೇರಿಸುವಳು. ದೋಣಿ ನೀರೊಳಗೆ ಎಷ್ಟೆಷ್ಟು ಇಳಿಯುತ್ತದೆಂದು ನೋಡುವಳು. ಗಾಳಿ ಎದ್ದರೂ ನೀರು ಒಳಗೆ ನುಗ್ಗದಷ್ಟು ಅಂಚು ಉಳಿಸಿ, ಹೊರಗಡೆ ಸುತ್ತಲೂ ಒಂದು ಬಿಳಿ ಗೆರೆ ಎಳೆಯುವಳು. ಜನ ಹತ್ತಿದ ಮೇಲೆ ನೀರು ಆ ಗೆರೆ ಮುಟ್ಟಿತೆಂದರೆ ಮುಗಿಯಿತು, ಇನ್ನೊಬ್ಬರನ್ನು ಹತ್ತಿಸಬಾರದು. ಓದು ಬರದವನಿಗೂ ಅರ್ಥವಾಗುವ ಕಾನೂನು ಅದು. ಗೆರೆ ಎಳೆದ ದೋಣಿಗೆ ಸಂಘದಿಂದ ಸರ್ಟಿಫಿಕೇಟು. ಮೊದಲ ಗೆರೆ ಬಿದ್ದದ್ದು ನರಸೀಪುರದ ಸಂಗಮದಲ್ಲಿ ಈ ದಡದಿಂದ ಆ ದಡಕ್ಕೆ ಭಕ್ತರನ್ನು ದಾಟಿಸುವ ನನ್ನ ದೋಣಿಗೆ. ಬ್ರಷ್ ಹಿಡಿಯುವುದನ್ನು, ಕೈ ನಡುಗದಂತೆ ಎಳೆಯುವುದನ್ನು ನನಗೂ ಕಲಿಸಿದಳು.

ಆ ಕಲಿತ ಕೈಯಲ್ಲೇ ನಾನು ಕೆಟ್ಟ ಕೆಲಸ ಮಾಡಿದೆ.

ಕಾರ್ತಿಕದಲ್ಲಿ ಜನ ದಡ ತುಂಬ ನಿಂತಿರುತ್ತಾರೆ. ಪಕ್ಕದ ದೋಣಿಯವರು ಬೇಕಾದಷ್ಟು ತುಂಬಿಕೊಂಡು ಹೋಗುವಾಗ ನಾನು ಅರ್ಧಕ್ಕೇ ಕೈ ಅಡ್ಡ ಹಿಡಿಯಬೇಕಿತ್ತು. "ನಿಮ್ಮಕ್ಕ ದೋಣಿಗೆ ಉಡಿದಾರ ಕಟ್ಟವ್ಳೆ ಕಣ್ಲಾ" ಎಂದು ಅವರು ನಗುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಳೆಯ ಗೆರೆಯನ್ನು ಕೆರೆದು, ಮೇಲೆ ಕಪ್ಪು ಬಳಿದು, ನಾಲ್ಕು ಬೆರಳು ಮೇಲಕ್ಕೆ ಹೊಸ ಗೆರೆ ಎಳೆದೆ. ಅಕ್ಕನ ಗೆರೆಯಷ್ಟೇ ನೆಟ್ಟಗೆ ಬಂತು. ಯಾರಿಗೂ ಗೊತ್ತಾಗಲಿಲ್ಲ. ನನಗೆ ಹೆಮ್ಮೆಯೂ ಆಯಿತು ಎಂದರೆ ಈಗ ನಾಚಿಕೆಯಾಗುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಎರಡು ಹೊಳೆ ಸೇರುವ ಜಾಗದಲ್ಲಿ ದೋಣಿ ತುಂಬ ಜನರಿದ್ದಾಗ ಗಾಳಿ ಎದ್ದು, ಅಂಚಿನ ಮೇಲೆ ನೀರು ನುಗ್ಗಿ, ದೋಣಿ ಮಗುಚಿತು. ದಡ ಹತ್ತಿರವಿತ್ತು, ನೀರು ಎದೆಮಟ್ಟ. ಎಲ್ಲರೂ ಬದುಕಿದರು. ಮೂಗೂರಿನ ಒಬ್ಬ ಅಜ್ಜಿಯ ಕೈ ಮುರಿಯಿತು. ಆಕೆ ನೋವಿನಲ್ಲಿ ಕೂಗಿದ ಕೂಗು ನನ್ನ ಕಿವಿಯಿಂದ ಹೋಗಿಲ್ಲ.

ಸಂಘದವರು ಬಂದು ನೋಡಿದರು. ಅಷ್ಟು ಜನ ಹತ್ತಿದ್ದರೂ ನೀರು ಗೆರೆ ಮುಟ್ಟುತ್ತಿರಲಿಲ್ಲ ಎಂದು ಲೆಕ್ಕ ಹಾಕಿದರು. ಅಂದರೆ ಗೆರೆಯೇ ತಪ್ಪು, ಗೆರೆ ಹಾಕಿದ ರತ್ನಮ್ಮನದೇ ತಪ್ಪು ಎಂದಾಯಿತು. ಅಕ್ಕ ಮಾರನೇ ದಿನ ಒಬ್ಬಳೇ ಬಂದಳು. ದಡಕ್ಕೆ ಎಳೆದು ಹಾಕಿದ್ದ ದೋಣಿಯ ಮೇಲೆ ಅಂಗೈ ಆಡಿಸುತ್ತಾ ಹೋಗಿ, ಹೊಸ ಕಪ್ಪು ಬಳಿದಿದ್ದ ಕಡೆ ನಿಂತಳು. ನನ್ನ ಮುಖ ನೋಡಲಿಲ್ಲ.

"ಭಾನುವಾರ ಸಂಘದ ಮೀಟಿಂಗದೆ ಮಾದೇವ. ನೀನೇ ಬಂದು ಹೇಳು. ನಿನ್ನ ಹೆಸ್ರು ನನ್ನ ಬಾಯಿಂದ ಬರಕಿಲ್ಲ."

"ಬತ್ತೀನಿ ಕಣಕ್ಕ" ಎಂದೆ.

ಹೋದೆ, ಟೈರ್ ಅಂಗಡಿಯವರೆಗೂ ಹೋದೆ. ಮೆಟ್ಟಿಲ ಕೆಳಗೆ ಪೊಲೀಸು, ಕೇಸು, ದೋಣಿ ಜಪ್ತಿ ಎಲ್ಲಾ ಕಣ್ಣ ಮುಂದೆ ಬಂದು, ಮೇಲೆ ಹತ್ತದೆ ಅಲ್ಲೇ ಅಡಗಿ ನಿಂತೆ. ಕಿಟಕಿ ತೆರೆದಿತ್ತು, ಎಲ್ಲಾ ಕೇಳಿಸುತ್ತಿತ್ತು. ಅಧ್ಯಕ್ಷರು ಮೆತ್ತಗೆ ಮಾತಾಡುವವರು. ಲೆಕ್ಕ ತಪ್ಪಿತು ಎಂದು ಎರಡು ಸಾಲು ಕ್ಷಮೆ ಬರೆದುಕೊಡಿ, ಇಲ್ಲಿಗೇ ಮುಗಿಸೋಣ ಎಂದರು. ಇನ್ಯಾರೋ ತಗ್ಗಿದ ದನಿಯಲ್ಲಿ, "ಕೋಟಾದಲ್ಲಿ ಪಾಸಾದೋರ ಲೆಕ್ಕ ಇನ್ನೆಂಗಿರ್ತದೆ" ಎಂದರು. ನನಗೆ ಕೇಳಿಸಿದ್ದು ಅಕ್ಕನಿಗೂ ಕೇಳಿಸಿತು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ನನ್ನ ಲೆಕ್ಕ ತಪ್ಪಿಲ್ಲ. ಆ ಗೆರೆ ನಾನು ಹಾಕಿದ ಜಾಗದಲ್ಲಿಲ್ಲ. ಎತ್ತಿದೋರು ಬಂದು ಹೇಳ್ತಾರೆ, ಇಲ್ಲಾ ಹೇಳಕಿಲ್ಲ, ಅದು ಅವರಿಗೆ ಬಿಟ್ಟಿದ್ದು. ಮಾಡದ ತಪ್ಪಿಗೆ ನಾನು ಕ್ಷಮೆ ಬರೆಯಲ್ಲ. ಹೆಸ್ರು ಹೊಡೆದು ಹಾಕ್ತೀರಾ, ಹಾಕಿ. ಈ ಮೆಟ್ಲು ಇಳಿದ್ರೂ ನಾನು ಎಂಜಿನಿಯರೇ."

ಯಾರು ಎತ್ತಿದರು ಎಂದು ಅಧ್ಯಕ್ಷರು ಮತ್ತೆ ಮತ್ತೆ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಅವಳೇ ಕಟ್ಟಿದ ಸಂಘ ಅವಳ ಹೆಸರನ್ನು ಹೊಡೆದು ಹಾಕಿತು. ಇಳಿದು ಬಂದವಳು ನನ್ನನ್ನು ನೋಡಿದಳು. ಬೈದಿದ್ದರೆ ಬದುಕುತ್ತಿದ್ದೆ. "ನರಸೀಪುರದ ಬಸ್ಸು ಹೊರಡ್ತದೆ, ನಡಿ" ಎಂದಳು. ತನ್ನ ಮನೆಗೆ ಹೋಗದೆ ನನ್ನ ಜೊತೆ ಅದೇ ಬಸ್ಸು ಹತ್ತಿದಳು. ಸಂಗಮಕ್ಕೆ ಬಂದು, ನಾಲ್ಕು ಬೆರಳು ಕೆಳಗೆ ಗೆರೆಯನ್ನು ಮೊದಲಿದ್ದ ಜಾಗಕ್ಕೇ ಎಳೆದಳು. ನಾನು ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಅವಳು ಮನೆಯಲ್ಲಿ ಕೂತಳೆಂದುಕೊಂಡರೆ ತಪ್ಪು. ನಂಜನಗೂಡಿನಿಂದ ತಲಕಾಡಿನವರೆಗೆ ಬಸ್ಸಿನಲ್ಲಿ ಓಡಾಡಿ, ಕೇಳಿದವರ ದೋಣಿಗೂ ಕೇಳದವರ ದೋಣಿಗೂ ಗೆರೆ ಹಾಕಿದಳು. ತಲಕಾಡಿನ ಒಬ್ಬ ಅಂಬಿಗ ದೋಣಿಗೆ ಅಡ್ಡ ನಿಂತು, ಸಂಘದಿಂದ ನಿನ್ನನ್ನು ತೆಗೆದಿದ್ದಾರಲ್ಲಮ್ಮ ಎಂದನಂತೆ. "ಸಂಘದಿಂದ ತೆಗೆದವ್ರೆ, ಹೊಳೆಯಿಂದ ತೆಗೆದಿಲ್ಲ. ಅತ್ಲಾಗೆ ಜರುಗು" ಎಂದು ಬ್ರಷ್ ಅದ್ದಿದಳಂತೆ. ಈಗ ಅದೇ ಅಂಬಿಗ ಗೆರೆ ಮಾಸಿದಾಗ ತಾನೇ ಬಣ್ಣ ಹಚ್ಚುತ್ತಾನೆ.

ಹೋದ ವರ್ಷ ಅವಳ ಕಿಡ್ನಿ ಕೆಟ್ಟಿತು. ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕ ಕೂತು, ತಪ್ಪಾಯ್ತು ಕಣಕ್ಕ, ಸಂಘದವರಿಗೆ ಹೇಳಿಬಿಡುತ್ತೇನೆ ಎಂದು ಅತ್ತೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಇನ್ನೂ ನನ್ ಕಿವಿಗೇ ಹೇಳ್ತಾ ಇದ್ದೀಯಲ್ಲೋ. ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಹೇಳೋಗು."

ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ತೀರಿಕೊಂಡ ಮೇಲೆ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಫೋಟೊಗೆ ಹಾರ ಹಾಕಿದ್ದರು. ತಮ್ಮನ ಕಡೆಯಿಂದ ಎರಡು ಮಾತು ಎಂದು ಕರೆದರು. ಎದ್ದು ನಿಂತು, ಗೆರೆ ಎತ್ತಿದವನು ನಾನು ಎಂದು ಹೇಳಿದೆ. ಹೇಗೆ ಕೆರೆದೆ, ಹೇಗೆ ಎಳೆದೆ, ಹೇಗೆ ಕೆಳಗೆ ಅಡಗಿ ನಿಂತಿದ್ದೆ, ಎಲ್ಲಾ ಹೇಳಿದೆ. ಅಧ್ಯಕ್ಷರು, ಹೋದವರ ವಿಷಯ ಈಗ್ಯಾಕೆ ಕೆದಕುವುದು, ಕೂತುಕೊಳ್ಳಿ ಎಂದರು.

"ಕೂರಕಿಲ್ಲ ಸಾ. ನಮ್ಮಕ್ಕನ ಹೆಸ್ರು ವಾಪಸ್ ಸೇರಿಸಿ. ಅವಳ ಲೆಕ್ಕ ಸರಿಯಿತ್ತು ಅಂತ ಎಲ್ಲಾರ ಮುಂದೆ ಹೇಳಿ. ಆಮೇಲೆ ಕೂತ್ಕತೀನಿ."

ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಮುಂದಿನ ಸಭೆಗೂ ಹೋದೆ. ತೀರಿಕೊಂಡವರನ್ನು ಸೇರಿಸಲು ನಿಯಮವಿಲ್ಲ ಎಂದರು. ಅದರ ಮುಂದಿನದಕ್ಕೂ ಹೋದೆ. ಸುದ್ದಿ ಹೊಳೆದಡಕ್ಕೂ ಮುಟ್ಟಿ, ಈಗ ಕೆಲವರು ನನ್ನ ದೋಣಿ ಬಿಟ್ಟು ಬೇರೆ ದೋಣಿ ಹತ್ತುತ್ತಾರೆ. ಹತ್ತಲಿ. ತಿಂಗಳ ಮೀಟಿಂಗಿನ ಭಾನುವಾರ ಬಂದರೆ ನಾನು ದೋಣಿ ಕಟ್ಟಿಹಾಕಿ ನಂಜನಗೂಡಿಗೆ ಹೋಗುತ್ತೇನೆ. ನನ್ನನ್ನು ಕಂಡರೆ ಯಾರೋ ಒಬ್ಬರು ಕುರ್ಚಿ ಎಳೆದು ಕೊಡುತ್ತಾರೆ. ಸಭೆ ಮುಗಿಯುವ ತನಕ ನಾನು ನಿಂತೇ ಇರುತ್ತೇನೆ.