ಮೀನು ಲಾರಿಯಲ್ಲಿ ಬಂದ ಕಲ್ಲುಗಳು

ಅವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಮೂವತ್ತು ವರ್ಷ ಲಾರಿಯ ಕಿಟಕಿಯಲ್ಲಿ ಊರಿಕೊಂಡಿದ್ದ ಕೈ ಅದು. ಮೊಣಕೈಯಿಂದ ಬೆರಳ ತುದಿಯವರೆಗೆ ಬಿಸಿಲು ತಿಂದು ಸುಟ್ಟ ಸೌದೆಯ ಬಣ್ಣಕ್ಕೆ ಬಂದಿತ್ತು. ಎಡಗೈ ಮಾತ್ರ ಬೇರೆ ಯಾರದೋ ಕೈಯೇನೋ ಎಂಬಷ್ಟು ಬೆಳ್ಳಗೆ. ನಾನು ಮದುವೆಯಾಗಿ ಹೂಡೆಗೆ ಬಂದ ವಾರದಲ್ಲೇ ಆ ಎರಡೂ ಕೈಗಳನ್ನು ಬೇಲಿಯ ಮೇಲಿನಿಂದ ಚಾಚಿ ಒಂದು ಕಲ್ಲನ್ನು ನನ್ನ ಮುಂದೆ ಹಿಡಿದರು.

"ಇದು ಎಂತದು ಹೇಳಿ ಟೀಚರ್."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅದು ಸಾಲದೆಂಬಂತೆ ಹುಟ್ಟಿದ್ದು ಕಾರ್ಕಳದಲ್ಲಿ; ಮನೆಯ ಹಿಂದೆಯೇ ಬಂಡೆ, ರಸ್ತೆಯಾಚೆ ಶಿಲ್ಪಿಗಳ ಉಳಿಯ ಸದ್ದು. ಕಲ್ಲಿನ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ಧಾರಾಳವಾಗಿತ್ತು. ಸರಿಯಾಗಿ ನೋಡದೆಯೇ "ಸ್ಫಟಿಕ" ಎಂದುಬಿಟ್ಟೆ.

"ಹೌದಾ? ನಾನು ಎಟ್ಟಿ ಅಂತ ಹೆಸರಿಟ್ಟಿದ್ದೇನೆ" ಎಂದರು. ಎಟ್ಟಿ ಎಂದರೆ ತುಳುವಿನಲ್ಲಿ ಸೀಗಡಿ. ನೋಡಿದರೆ ಕಲ್ಲಿನ ಬಣ್ಣ ನಿಜವಾಗಿಯೂ ಸಿಪ್ಪೆ ಸುಲಿದ ಸೀಗಡಿಯದೇ. ವಾಸನೆಯೂ ಹೆಚ್ಚು ಕಡಿಮೆ ಅದೇ.

ಬೀದಿಯವರಿಗೆಲ್ಲ ಅವರು ಡ್ರೈವರಣ್ಣ. ಮಲ್ಪೆಯ ಬಂದರಿನಿಂದ ಐಸ್ ಹಾಕಿದ ಮೀನು ಹೇರಿಕೊಂಡು ಮುಂಬೈ, ನಾಸಿಕದ ಕಡೆ ಓಡಿಸುವುದು ಅವರ ಕೆಲಸ. ಬರುವಾಗ ಲಾರಿ ಖಾಲಿ. ಆ ಖಾಲಿ ಲಾರಿಯಲ್ಲಿ, ಮೀನಿನ ಥರ್ಮಕೋಲ್ ಪೆಟ್ಟಿಗೆಗಳೊಳಗೆ, ದಾರಿಯಲ್ಲಿ ಹೆಕ್ಕಿದ ಕಲ್ಲುಗಳು ಬರುತ್ತಿದ್ದವು. ಎಲ್ಲದಕ್ಕೂ ಮೀನಿನದೇ ಹೆಸರು. ಚಪ್ಪಟೆಯಾಗಿ ಹೊಳೆಯುವುದು ಮಾಂಜಿ, ಉದ್ದಕ್ಕಿರುವುದು ಕಾಣೆ, ಸಣ್ಣ ಸಣ್ಣವು ರಾಶಿಯಾಗಿ ಅಂಟಿಕೊಂಡದ್ದು ಬೂತಾಯಿ. ನನಗೆ ತುಳು ಬರುತ್ತದೆಂದು ಎಷ್ಟು ಹೇಳಿದರೂ ಟೀಚರ ಹತ್ತಿರ ಕನ್ನಡದಲ್ಲೇ ಮಾತಾಡಬೇಕೆಂಬುದು ಅವರ ಹಠ. ಮೀನಿನ ಹೆಸರುಗಳಿಗೆ ಮಾತ್ರ ವಿನಾಯಿತಿ.

ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುವವರು, ಸಂತೆಕಟ್ಟೆಯಲ್ಲಿ ಮೀನು ಮಾರುತ್ತಿದ್ದರು. ಅವರ ನಾಲಗೆ ಅವರ ಕತ್ತಿಯಷ್ಟೇ ಚುರುಕು. "ಬೇರೆಯವರ ಗಂಡಂದಿರು ಊರಿಂದ ಬರುವಾಗ ಸೀರೆ ತರ್ತಾರೆ ಟೀಚರ್, ನಮ್ಮವರು ಜಲ್ಲಿ ತರ್ತಾರೆ" ಎಂದು ಬೇಲಿಯ ಪಕ್ಕ ನಿಂತು ಗಂಡನಿಗೆ ಕೇಳುವಂತೆಯೇ ಹೇಳುತ್ತಿದ್ದರು. ಬಚ್ಚಲಿನ ಹಿಂದೆ ಒಂದು ಹೊಂಡವಿತ್ತು. ಮಳೆಗಾಲದ ಮೊದಲು ಆ ಪೆಟ್ಟಿಗೆಗಳನ್ನೆಲ್ಲ ಅದಕ್ಕೆ ಸುರಿಯುತ್ತೇನೆಂದು ಪ್ರತಿ ವರ್ಷ ಬೆದರಿಕೆ. ಡ್ರೈವರಣ್ಣ ನಗುತ್ತಿದ್ದರು. ಆದರೆ ಮೇ ತಿಂಗಳು ಬಂತೆಂದರೆ ಪೆಟ್ಟಿಗೆಗಳನ್ನು ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳುವುದನ್ನು ನಾನೇ ಕಂಡಿದ್ದೇನೆ.

ಸಕ್ಕರೆ ಕಾಯಿಲೆಗೆ ಬಲಗಾಲಿನ ಎರಡು ಬೆರಳು ಹೋದ ಮೇಲೆ ಲಾರಿ ಬಿಡಬೇಕಾಯಿತು. ಮಣಿಪಾಲದ ಆಸ್ಪತ್ರೆಯಿಂದ ಬಂದವರು ಜಗಲಿಯಲ್ಲಿ ಕೂತದ್ದು ಕೂತದ್ದೇ. ರಸ್ತೆಯಲ್ಲಿ ಲಾರಿ ಹೋದರೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅಂಥ ಒಂದು ಸಂಜೆ, ನಾನು ಸುಮ್ಮನೆ ಮಾತಿಗೆಂದು ಮೊದಲ ಕಲ್ಲು ಎಲ್ಲಿ ಸಿಕ್ಕಿತೆಂದು ಕೇಳಿದೆ.

ಹೇಳಿದರು. ನಾಸಿಕದ ಹತ್ತಿರ ಚಹಾಕ್ಕೆಂದು ಲಾರಿ ನಿಲ್ಲಿಸಿದ್ದರಂತೆ. ರಸ್ತೆಯ ಕೆಳಗೆ ಇಳಿಜಾರಿನಲ್ಲಿ ಯಾರೋ ದೊಡ್ಡದೊಂದು ಬಾವಿ ತೋಡುತ್ತಿದ್ದರು. ಮಬ್ಬುಗತ್ತಲೆ. ಇವರು ಚಹಾ ಕುಡಿದು ಲಾರಿ ತಿರುಗಿಸಿದಾಗ ಹೆಡ್‌ಲೈಟಿನ ಬೆಳಕು ಬಾವಿಯ ಗೋಡೆಯ ಮೇಲೆ ಹಾದುಹೋಯಿತು. "ಗೋಡೆ ಪೂರ್ತಿ ಕಣ್ಣು ಬಿಟ್ಟ ಹಾಗೆ ಆಯ್ತು ಟೀಚರ್. ಸಾವಿರ ಕಣ್ಣು. ನಾನು ಬ್ರೇಕ್ ಒತ್ತಿದೆ, ಹಿಂದಿನವ ಬೈದ. ಇಳಿದು ಹೋಗಿ ಎರಡು ಕಲ್ಲು ಹೆಕ್ಕಿ ತಂದೆ."

"ಅಕ್ಕನಿಗೆ ಹೇಳಲಿಲ್ಲವಾ?"

"ಹೇಳದೆ ಮತ್ತೆ? ಮನೆಗೆ ಬಂದವನೇ ಹೇಳಿದೆ. ಅವಳು ಮೀನಿಗೆ ಉಪ್ಪು ಹಾಕ್ತಾ ಇದ್ದಳು. ಬಾವಿಯಲ್ಲಿ ನೀರಿತ್ತಾ ಅಂತ ಕೇಳಿದಳು. ಇಲ್ಲ ಅಂದೆ. ಮತ್ತೆ ಅದೆಂತ ಬಾವಿ ಅಂದಳು." ಕಾಲಿನ ಬ್ಯಾಂಡೇಜು ನೋಡುತ್ತ ಹೇಳಿದರು: "ಅದನ್ನು ಒಂದು ಸಲ ಅವಳಿಗೆ ತೋರಿಸಬೇಕಿತ್ತು. ಅಷ್ಟೇ. ಈ ಕಲ್ಲೆಲ್ಲ ತಂದದ್ದು ಅದಕ್ಕೇ."

"ನಾನು ತೋರಿಸ್ತೇನೆ ಅಣ್ಣ, ನನಗೆ ಬಿಡಿ" ಎಂದೆ. ಅಲ್ಲಿಂದ ಶುರುವಾಯಿತು ನನ್ನ ಯಜಮಾನಿಕೆ.

ಮಣಿಪಾಲದಲ್ಲಿ ಮುಚ್ಚುತ್ತಿದ್ದ ಒಂದು ಮೊಬೈಲ್ ಅಂಗಡಿಯಿಂದ ಅವರ ಮನೆಗೆ ಗಾಜಿನ ಶೋಕೇಸು ತರಿಸಿದೆ. ಮೇಲ್ಗಡೆ ಎರಡು ಹ್ಯಾಲೋಜನ್ ಬಲ್ಬುಗಳೂ ಅದರಲ್ಲೇ ಇದ್ದವು. ಪುಸ್ತಕ ನೋಡಿ ಕಲ್ಲುಗಳ ನಿಜವಾದ ಹೆಸರು ಹುಡುಕಿ, ದುಂಡಗೆ ಚೀಟಿ ಬರೆದು ಅಂಟಿಸಿದೆ. ಎಟ್ಟಿ, ಮಾಂಜಿ, ಬೂತಾಯಿ ಎಲ್ಲ ಹೋಗಿ ಅವುಗಳ ಜಾಗದಲ್ಲಿ ನಾಲಗೆ ಹೊರಳದ ಹೆಸರುಗಳು ಬಂದವು. ಡ್ರೈವರಣ್ಣ ಒಂದೊಂದಾಗಿ ಓದಿ, "ಒಳ್ಳೆದುಂಟು" ಎಂದರು. ಆ ದನಿಯಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದು ಈಗ ತಿಳಿಯುತ್ತದೆ.

ಕೊನೆಗೆ ಉಳಿದದ್ದು ಒಂದು ಪೆಟ್ಟಿಗೆ. ಮುಚ್ಚಳದ ಒಳಬದಿಯಲ್ಲಿ ಬಾಲ್‌ಪೆನ್ನಿನಿಂದ ಒಂದು ಊರಿನ ಹೆಸರು, ಮೈಲಿಗಲ್ಲಿನ ಅಂಕೆ. ಒಳಗೆ ಒದ್ದೆ ಗೋಣಿ, ಗೋಣಿಯೊಳಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಎರಡು ಬಿಳಿ ಕಲ್ಲುಗಳು. ಆ ಬಾವಿಯವು ಅವೇ. ವಾರಕ್ಕೊಮ್ಮೆ ಗೋಣಿಗೆ ನೀರು ಚಿಮುಕಿಸಿ ಮುಚ್ಚಿಡುತ್ತಿದ್ದರಂತೆ, ಅಷ್ಟೂ ವರ್ಷ. ನಾನು ನಕ್ಕುಬಿಟ್ಟೆ.

"ಅಣ್ಣ, ಇದು ಬಂಗುಡೆ ಅಲ್ಲ, ಕಲ್ಲು. ಕೊಳೆಯುವುದಿಲ್ಲ."

"ತಂಪಿನಲ್ಲಿ ಇದ್ದದ್ದಲ್ವಾ ಟೀಚರ್. ಬಾವಿಯೊಳಗಿಂದ ಬಂದದ್ದು. ತಂಪಿನಲ್ಲೇ ಇರಲಿ ಅಂತ."

"ಕಲ್ಲಿಗೆಂತ ತಂಪು, ಎಂತ ಬಿಸಿ!"

ಅವರು ಎರಡರಲ್ಲಿ ಒಂದನ್ನು ಮಾತ್ರ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಗೋಣಿಯಲ್ಲಿ ಸುತ್ತಿ ಮುಚ್ಚಳ ಹಾಕಿದರು. ಅದೂ ನನಗೆ ಅವಮಾನವೆನಿಸಿತು ನೋಡಿ.

ಅಕ್ಕ ಆ ಭಾನುವಾರ ಕಾಪುವಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಸಂಜೆ ಬರುವಷ್ಟರಲ್ಲಿ ಎಲ್ಲ ಸಿದ್ಧವಾಗಿರಬೇಕೆಂದು ಬೆಳಿಗ್ಗೆಯೇ ಬಿಳಿ ಕಲ್ಲನ್ನು ನಡುವಿನ ತಟ್ಟೆಯಲ್ಲಿ, ಬಲ್ಬಿನ ನೇರ ಕೆಳಗೆ ಇಟ್ಟೆ. ಗಾಜು ಮುಚ್ಚಿದೆ. ದೀಪ ಹಾಕಿದೆ. ಎಷ್ಟು ಚೆಂದ ಕಾಣುತ್ತದೆಂದು ದಿನವಿಡೀ ಉರಿಯಲು ಬಿಟ್ಟೆ.

ಅಕ್ಕ ಬಂದರು. ಚಪ್ಪಲಿ ಬಿಟ್ಟು, ಚೀಲ ಇಳಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಶೋಕೇಸಿನ ಮುಂದೆ ನಿಂತರು. ಡ್ರೈವರಣ್ಣ ಕೋಲೂರಿಕೊಂಡು ಅವರ ಹಿಂದೆ ನಿಂತರು. ನಾನು ಕಲ್ಲನ್ನು ಸ್ವಲ್ಪ ಮುಂದಕ್ಕೆ ತಿರುಗಿಸೋಣವೆಂದು ಗಾಜು ಸರಿಸಿ ಬೆರಳು ತಾಗಿಸಿದೆ, ಅಷ್ಟೇ. ಬೀಸಣಿಗೆ ಸದ್ದೇ ಇಲ್ಲದೆ ಕುಸಿಯಿತು. ತಟ್ಟೆಯ ಮೇಲೆ ಉಳಿದದ್ದು ಒಂದು ಹಿಡಿ ಬಿಳಿ ಹುಡಿ.

"ಇದಾ ನೀವು ಇಷ್ಟು ವರ್ಷ ಹೊತ್ತದ್ದು?" ಎಂದರು ಅಕ್ಕ. "ರಂಗೋಲಿ ಹುಡಿಯಾ?"

ಗೇಲಿಯಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಡ್ರೈವರಣ್ಣನ ಮುಖ ನೋಡುವ ಧೈರ್ಯವಾಗದೆ ನಾನು ಮನೆಗೆ ಓಡಿಬಂದು ಅತ್ತೆ. ಆಮೇಲೆ ಓದಿ ತಿಳಿದುಕೊಂಡೆ: ಆ ಜಾತಿಯ ಕಲ್ಲಿನ ಹರಳಿನೊಳಗೇ ನೀರಿರುತ್ತದೆ, ಬಿಸಿಗೆ ಆ ನೀರು ಹೋದರೆ ಹರಳು ಹುಡಿಯಾಗುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟವರು ಹೇಳಿದ್ದೇ ಸರಿ. ನನ್ನದು ಪುಸ್ತಕದ ಬದನೆಕಾಯಿ, ಅದೂ ಅರ್ಧ ಓದಿದ ಪುಸ್ತಕದ್ದು.

ಮರುದಿನ ಶಾಲೆಯಿಂದ ಬರುವಾಗ ಬೇಲಿಯ ಹತ್ತಿರ ಕಾದು ನಿಂತಿದ್ದರು. ತಪ್ಪಾಯಿತೆಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ, "ಐಸ್ ಕರಗಿದ ಮೇಲೆ ಆಕ್ಸಿಲರೇಟರ್ ಒತ್ತಿ ಪ್ರಯೋಜನ ಇಲ್ಲ ಟೀಚರ್" ಎಂದರು. ಅದು ಅವರ ಹಳೆಯ ಮಾತು. ಯಾವುದಕ್ಕಾದರೂ ಮರುಗುವವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ಎಷ್ಟು ಲೋಡು ಮೀನು ಹಾಳು ಮಾಡಿ ಡ್ರೈವರ್ ಆದವ ನಾನು. ಇನ್ನೊಂದು ಉಂಟಲ್ಲ. ನಾಳೆ ಬನ್ನಿ."

ಮರುದಿನ ಹೋದಾಗ ಎರಡು ಹ್ಯಾಲೋಜನ್ ಬಲ್ಬುಗಳೂ ಕಳಚಿ ಮೇಜಿನ ಮೇಲಿದ್ದವು. ಶೋಕೇಸಿನ ತಳಕ್ಕೆ ಲಾರಿ ಸೀಟಿನ ಹಳೆಯ ಕಪ್ಪು ರೆಕ್ಸಿನ್ ಹಾಸಿದ್ದರು. ಕಲ್ಲುಗಳನ್ನು ನಾನು ಶಾಲೆಯ ಅಸೆಂಬ್ಲಿಯಂತೆ ಸಾಲಾಗಿ ನಿಲ್ಲಿಸಿದ್ದೆ. ಅವರು ಕೆಂಪುಕಲ್ಲಿನ ತುಂಡುಗಳ ಮೇಲೆ ಬೇರೆ ಬೇರೆ ಎತ್ತರದಲ್ಲಿ, ಒಂದಕ್ಕೊಂದು ಅಡ್ಡ ಬಾರದಂತೆ ಇಟ್ಟಿದ್ದರು. ಬಿಳಿ ಕಲ್ಲಿನ ಪಕ್ಕ ಒಂದು ಬಟ್ಟಲು ನೀರು. ನನ್ನ ಚೀಟಿಗಳು ಹಾಗೇ ಇದ್ದವು, ಆದರೆ ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಎಟ್ಟಿ, ಮಾಂಜಿ, ಕಾಣೆ.

"ದೀಪ ಎಲ್ಲಿ ಅಣ್ಣ?"

"ದೀಪ ಪೆಟ್ಟಿಗೆಯೊಳಗೆ ಬೇಡ. ನಿನ್ನೆ ಪೂರ್ತಿ ಯೋಚನೆ ಮಾಡಿದೆ. ಬಾವಿಯಲ್ಲಿ ನಾನು ಕಂಡದ್ದು ಹೇಗೆ? ಲೈಟ್ ನೇರ ಹೊಡೆಯಲಿಲ್ಲ, ಓರೆಯಲ್ಲಿ ಬಿತ್ತು. ಮತ್ತೆ, ಲಾರಿ ತಿರುಗುತ್ತಿತ್ತಲ್ಲ? ಲೈಟ್ ನಿಲ್ಲಲಿಲ್ಲ, ನಡೆಯಿತು."

ಅಕ್ಕನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಕೈಯ ಮೀನಿನ ವಾಸನೆ ತೊಳೆಯಲೂ ಬಿಡಲಿಲ್ಲ. ಸಂಜೆಯ ಬೆಳಕು ಬಾರದಂತೆ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಲು ನನಗೆ ಹೇಳಿದರು. ಕತ್ತಲಲ್ಲಿ ಅಕ್ಕ, "ಎಂತ ನಾಟಕ ಮಾರಾಯ್ರೇ ಇದು, ಒಲೆಯಲ್ಲಿ ಗಂಜಿ ಉಂಟು" ಎನ್ನುತ್ತಿದ್ದರು. ಡ್ರೈವರಣ್ಣ ಒಂದು ತಣ್ಣಗಿನ ಎಲ್‌ಇಡಿ ದೀಪವನ್ನು ಆ ಕಪ್ಪು ಬಲಗೈಯಲ್ಲಿ ಹಿಡಿದು, ಗಾಜಿನ ಹೊರಗಿನಿಂದ, ಎಡದಿಂದ ಬಲಕ್ಕೆ ಕುಂಟುತ್ತ ನಡೆದರು. ಮೆಲ್ಲಗೆ, ತುಂಬಿದ ಲಾರಿ ತಿರುಗುವ ಹಾಗೆ.

ಮೊದಲು ಎಟ್ಟಿ ಹೊತ್ತಿಕೊಂಡಿತು. ಅದು ಆರುವಷ್ಟರಲ್ಲಿ ಮಾಂಜಿ. ಆಮೇಲೆ ಬಿಳಿ ಬೀಸಣಿಗೆಯ ಒಂದೊಂದೇ ಎಲೆ. ಬೆಳಕು ದಾಟಿದಂತೆ ಹಿಂದಿನವು ಮುಚ್ಚಿ ಮುಂದಿನವು ತೆರೆದವು. ಸಾವಿರವೇನೂ ಇರಲಿಲ್ಲ. ಐವತ್ತು ಅರವತ್ತು ಕಣ್ಣುಗಳಿದ್ದಿರಬಹುದು.

ದೀಪ ಬಲತುದಿಗೆ ಬಂದು ನಿಂತಿತು.

"ಇನ್ನೊಮ್ಮೆ ನಡೆಯಿರಿ" ಎಂದರು ಅಕ್ಕ.

ಅವರು ನಡೆದರು. ಆಮೇಲೆ ಕತ್ತಲಲ್ಲಿ ಅಕ್ಕನ ದನಿ, ನಾನು ಅದುವರೆಗೆ ಕೇಳಿರದಷ್ಟು ಮೆತ್ತಗೆ: "ಎಲ್ಲಿತ್ತು ಇದು? ಹೇಳಿ."

ಅಷ್ಟೂ ವರ್ಷ ಕಾದಿದ್ದ ಪ್ರಶ್ನೆ. ಡ್ರೈವರಣ್ಣ ಗೋಡೆಗೆ ಒರಗಿ ಹೇಳತೊಡಗಿದರು. ಚಹಾದಂಗಡಿ, ಇಳಿಜಾರು, ಬೈದ ಹಿಂದಿನವ, ಎಲ್ಲ. ನಾನು ಮೆಲ್ಲಗೆ ಹೊರಗೆ ಬಂದೆ. ಆ ರಾತ್ರಿ ಅವರ ಮನೆಯ ಗಂಜಿ ಸೀದ ವಾಸನೆ ನಮ್ಮ ಮನೆಯವರೆಗೂ ಬಂತು.

ಅದಾದ ಮೇಲೆ ಅವರು ಎರಡು ಮಳೆಗಾಲ ಬದುಕಿದ್ದರು. ಸಂಜೆ ಬಂದವರಿಗೆಲ್ಲ ಕಿಟಕಿ ಮುಚ್ಚಿ ದೀಪ ನಡೆಸುವುದು ಅವರ ಹೊಸ ಡ್ಯೂಟಿ. ಜಗಲಿಯಲ್ಲಿ ಸುಮ್ಮನೆ ಕೂರುವುದು ನಿಂತೇಹೋಯಿತು. ಒಂದು ಬೆಳಿಗ್ಗೆ ಎದೆನೋವೆಂದರು, ಮಣಿಪಾಲ ತಲುಪಲಿಲ್ಲ. ಹೊರಡುವ ಮೊದಲು ಅಕ್ಕನಿಗೆ ಹೇಳಿದ್ದು, ಬಟ್ಟಲಿನ ನೀರು ನೋಡಿಕೋ ಎಂದು.

ಆ ಬಿಳಿ ಹುಡಿ ಸ್ಟೀಲಿನ ಸಣ್ಣ ಡಬ್ಬಿಯಲ್ಲಿ ಸ್ಟಾಫ್‌ರೂಮಿನ ನನ್ನ ಮೇಜಿನ ಮೇಲಿದೆ. ತರಗತಿಯಲ್ಲಿ ಯಾರಾದರೂ ಪುಸ್ತಕದಲ್ಲಿಲ್ಲದ ಉತ್ತರ ಕೊಟ್ಟರೆ, ತಪ್ಪು ಎನ್ನುವ ಮೊದಲು "ಯಾಕೆ ಹಾಗೆ ಅನಿಸಿತು?" ಎಂದು ಕೇಳುತ್ತೇನೆ. ಮೊದಲು ಕೇಳುತ್ತಿರಲಿಲ್ಲ. ಆ ಒಂದು ಪ್ರಶ್ನೆ ಡ್ರೈವರಣ್ಣನ ಋಣ.

ಬಟ್ಟಲು ಒಂದು ದಿನವೂ ಒಣಗಿಲ್ಲ. ಬಚ್ಚಲಿನ ಹಿಂದಿನ ಹೊಂಡವನ್ನು ಅಕ್ಕ ನಿಜವಾದ ಜಲ್ಲಿ ತರಿಸಿ ಮುಚ್ಚಿಸಿದರು. ಮೊನ್ನೆ ನನ್ನ ಬೇಸಿಗೆ ರಜೆ ಶುರುವಾದ ದಿನ, ಊರಿನ ಹೆಸರು ಬರೆದಿದ್ದ ಆ ಥರ್ಮಕೋಲ್ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಮಂಗಳೂರು ದಾಟಿ ಎಂದೂ ಹೋದವರಲ್ಲ.

"ಉಡುಪಿಯಲ್ಲಿ ಹತ್ತಿದರೆ ನಾಸಿಕದಲ್ಲೇ ಇಳಿಯುವ ರೈಲು ಉಂಟಂತೆ ಟೀಚರ್. ಹೌದಾ?"

ಹೌದೆಂದೆ. ಟಿಕೆಟ್ ಮಾಡಿಸುತ್ತೇನೆ ಎಂದೂ ಹೇಳಿದೆ. ಆದರೆ ಅಷ್ಟು ವರ್ಷದ ಹಿಂದಿನ ಬಾವಿ, ಈಗ ಕಟ್ಟೆ ಕಟ್ಟಿರಬಹುದು, ನೀರು ತುಂಬಿರಬಹುದು, ಏನೂ ಕಾಣದೆಯೂ ಇರಬಹುದು ಎಂದು ಮೆಲ್ಲಗೆ ಎಚ್ಚರಿಸಿದೆ.

"ನೀರಿದ್ದರೆ ಒಳ್ಳೆದೇ ಆಯ್ತಲ್ಲ, ಬಾವಿ ಅಲ್ವಾ" ಎಂದರು ಅಕ್ಕ. ಮೆಟ್ಟಿಲಿಳಿದವರು ತಿರುಗಿ ನಿಂತರು. "ಒಂದು ದೊಡ್ಡ ಬ್ಯಾಟ್ರಿ ಲೈಟು ತೆಕ್ಕೊಳ್ಳಿ ಟೀಚರ್. ನಮ್ಮ ಹತ್ತಿರ ಲಾರಿ ಇಲ್ಲವಲ್ಲ. ನೀವು ಅದನ್ನು ಹಿಡಿದು ಮೆಲ್ಲಗೆ ನಡೆಯಿರಿ. ನಾನು ನಿಂತು ನೋಡ್ತೇನೆ."