ಕೌದಿಯೊಳಗಿನ ದನಿ

ಯಲ್ಲಾಪುರದಾಚೆಯ, ಆಫ್ರಿಕಾ ಮೂಲದ ಸಿದ್ದಿಯರ ಕೇರಿಗೆ ಕೌದಿ ಕೊಳ್ಳಲು ಬಂದಿದ್ದೆ. ಜಗುಲಿಯ ಮಂಚದ ಸುತ್ತ ಇಳಿಬಿಟ್ಟಿದ್ದ ಬಣ್ಣಬಣ್ಣದ ಕೌದಿಗಳಿಗೆ ಕೈಚಾಚಿದೆ.

"ಅವು ಮಾರೂಕಲ್ಲ ಸರ್, ಮಗಳ ಸ್ಟುಡಿಯೋ!" ಎಂದರು ಪಕ್ಕದಲ್ಲಿ ಹೊಲಿಯುತ್ತಿದ್ದ ಗಿರಿಜಮ್ಮ.

ಮಗಳು ಸುನಂದಾ ಮೊಬೈಲ್ ಹಿಡಿದು ಕೌದಿಯೊಳಗಿಂದ ಇಣುಕಿದಳು. "ನೈರೋಬಿಯ ಹುಡುಗಿಯೊಬ್ಳು ಹೀಗೇ ಹೊರಗಿನ ಸದ್ದು ಬರದ ಹಂಗೆ ಕಂಬಳಿ ಹೊದ್ಕಂಡು ತನ್ನ ರ‍್ಯಾಪ್ ತಾನೇ ರೆಕಾರ್ಡ್ ಮಾಡ್ತಾಳೆ. ಅವ್ಳನ್ನ ಮೊಬೈಲಲ್ಲಿ ನೋಡೇ ಕಲ್ತೆ. ಶುರುವಿಗೇ ಜೋರಾಗಿ ತನ್ನ ಹೆಸರು ಹೇಳ್ತಾಳೆ. ಶಾಲೆಲಿ ನಂಗೆ ಹಾಜರಿ ಹೇಳೂಕೂ ಹೆದ್ರಿಕೆ ಇತ್ತು."

ಮತ್ತೆ ಒಳಗೆ ಹೋದಳು. ತೊಡೆ ತಟ್ಟುವ ತಾಳದ ಮೇಲೆ ದನಿ ಎದ್ದಿತು: "ನಾನು ಸುನಂದಾ! ಕೌದಿ ಹೊಲಿಯೋ ಗಿರಿಜಾನ ಮಗಳು ಸುನಂದಾ!"

ಗಿರಿಜಮ್ಮನ ಸೂಜಿ ನಿಂತಿತ್ತು. "ನನ್ ಹೆಸ್ರೂ ಹೇಳಿದ್ಯೇನೆ? ಇನ್ನೊಂದ್ಸಲ ಹೇಳು."