ಬೊಂಡಾಸ್ ಇಳಿದುಹೋದ ಸಂಜೆ

ಇಂಥ ಅನುಭವ ಹೇಳಿಕೊಂಡವರನ್ನು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ರಾತ್ರಿ ಏನು ಉಂಡಿದ್ರಿ?’ ದೆವ್ವಗಿವ್ವ ನಂಬಿದವನಲ್ಲ. ಹೆದರಲು ನನಗೆ ಗ್ಯಾಸ್ ಸಿಲಿಂಡರು, ಎದುರು ಬರುವ ಲಾರಿ, ಎದೆಯ ಎಡಭಾಗ ಇಷ್ಟೇ ಸಾಕಾಗಿತ್ತು. ಮುಂದಿನದನ್ನು ಓದಿ ನೀವೂ ಅದೇ ಪ್ರಶ್ನೆ ಕೇಳಿದರೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಚಳಿಗಾಲ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ನಾನು ಹುಮನಾಬಾದಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಾಸ್ತರ. ತಮ್ಮ ಸಿದ್ದು ಅರಬ್ಬಿ ಸಮುದ್ರದ ನಡುವೆ, ಸ್ಕ್ವಿಡ್ ಎಂಬ ಮೆತ್ತನೆಯ ಕಡಲಜೀವಿಯನ್ನು ಅಭ್ಯಾಸ ಮಾಡುವ ಹಡಗಿನಲ್ಲಿ ದೀಪದ ಕೆಲಸಕ್ಕಿದ್ದ. ಡಾಕ್ಟರು ಕೈಚೆಲ್ಲಿ ಅವ್ವನನ್ನು ಮನೆಗೆ ಕಳಿಸಿದ್ದರು. ಸಿದ್ದು ಊರು ಮುಟ್ಟಲು ಇನ್ನೂ ಒಂಬತ್ತು ದಿನ. ‘ಅವನ ಮಾರಿ ನೋಡೇ ಹೋಗ್ತೀನಿ’ ಎಂದು ಅವ್ವ ಹಟ ಹಿಡಿದಿದ್ದಳು.

ಅದಕ್ಕೂ ಮೊದಲು, ಆಕೆ ಚೆನ್ನಾಗಿದ್ದಾಗ, ವಾರಕ್ಕೊಮ್ಮೆ ಹಡಗಿನಿಂದ ಫೋನು ಬರುತ್ತಿತ್ತು. ಕರಾವಳಿಯವರು ಸ್ಕ್ವಿಡ್ಡಿಗೆ ಬೊಂಡಾಸ್ ಅನ್ನುತ್ತಾರೆಂದು ಸಿದ್ದು ಹೇಳಿದಾಗ ಅವ್ವ ನಕ್ಕಿದ್ದಳು.

‘ಬೋಂಡಾ ಹಿಡ್ಯಾಕ ಹಡಗ್ಯಾಕೋ ಖೋಡಿ? ಹುಮನಾಬಾದ್ ಸ್ಟ್ಯಾಂಡಿನ್ಯಾಗ ಬುಟ್ಟಿಗಟ್ಟಲೆ ಕರೀತಾರಲ್ಲ!’

‘ಇವು ಹಾರೋ ಬೋಂಡಾ ಬೇ ಯವ್ವಾ. ದೊಡ್ಡ ಮೀನ ಬೆನ್ನ ಹತ್ತಿದ್ರ ನೀರ ಬಿಟ್ಟು ಹಾರ್ತಾವ.’

ಹಗಲೆಲ್ಲ ಅವು ಬೆಳಕು ಮುಟ್ಟದ ಆಳದಲ್ಲಿದ್ದು, ಹೊತ್ತು ಮುಳುಗಿದ ಮೇಲೆ ಏರಿ ಬರುತ್ತವಂತೆ. ಹಡಗಿನ ದೀಪಕ್ಕೆ ಸಣ್ಣ ಮೀನು ಸೇರುತ್ತವೆ. ಇವು ಮಾತ್ರ ಹಡಗಿನ ನೆರಳಲ್ಲೇ ಹೊಂಚಿ ನಿಂತು, ಬೆಳಕಿಗೆ ನುಗ್ಗಿ ಹಿಡಿದು, ಮತ್ತೆ ನೆರಳಿಗೆ ಸರಿಯುತ್ತವೆ. ಹಸಿದರೆ ತಮ್ಮ ಪೈಕಿಯ ಸಣ್ಣವನ್ನೇ ತಿನ್ನುತ್ತವೆ. ಆಯುಷ್ಯ ಒಂದು ವರ್ಷದಷ್ಟು. ‘ಒಂದ್ ವರ್ಷದ ಬಾಳ್ವಿಗೆ ಇಷ್ಟ್ ಹೊಡೆದಾಟ? ಹೊಲಕ್ಕ ಬಡಿದಾಡೋ ನಮ್ಮ ಅಣ್ಣತಮ್ಮಕಿ ಮಂದೀನೇ ಪಾಡ’ ಅಂದಿದ್ದಳು ಅವ್ವ.

ಒಂಬತ್ತರಲ್ಲಿ ನಾಲ್ಕನೆಯ ದಿನದ ಸಂಜೆ. ನಾನು ಪಕ್ಕದಲ್ಲಿ ಕೂತು, ಅವ್ವನ ಬಿಪಿ ನೋಡಲು ತಂದ ಯಂತ್ರದಲ್ಲಿ ನನ್ನ ಬಿಪಿ ನೋಡಿಕೊಳ್ಳುತ್ತಿದ್ದೆ. ಎರಡು ದಿನದಿಂದ ಮಾತಾಡದವಳು ಸ್ಪಷ್ಟವಾಗಿ, ‘ಸಿದ್ದೂ, ದೀಪಾ ದೊಡ್ಡದ ಮಾಡಪಾ’ ಅಂದಳು. ಅವಳ ಕಣ್ಣಿಗೆ ಕತ್ತಲಿಟ್ಟಿತೆಂದು ಗಾಬರಿಯಾಗಿ ನಾನು ಇನ್ನೊಂದು ಟ್ಯೂಬ್‌ಲೈಟು, ಪಡಸಾಲೆಯ ಬಲ್ಬು, ಕೊನೆಗೆ ಮೊಬೈಲಿನ ಟಾರ್ಚನ್ನೂ ಹಚ್ಚಿದೆ. ಅವ್ವ ಮುಖವನ್ನು ಗೋಡೆಗೆ ತಿರುಗಿಸಿದಳು. ಅಷ್ಟೇ. ಗಡಿಯಾರ ನೋಡುವುದು ನನ್ನ ಚಟ. ಏಳು ಹತ್ತು.

ಹೆಂಡತಿ ಅಡುಗೆಮನೆಯಿಂದ ಬಂದಳು. ‘ಏನ್ರಿ ಇದು? ಅತ್ತಿ ದೀಪಾ ದೊಡ್ಡದ ಮಾಡು ಅಂದ್ರ ಲಗ್ನದ ಮನಿ ಮಾಡೀರಲ್ಲ!’ ಅಂದವಳು ಅವ್ವನ ಮುಖ ಕಂಡು ಮೂಗಿನ ಬಳಿ ಬೆರಳು ಹಿಡಿದಳು. ಉಸಿರಿರಲಿಲ್ಲ. ನಮ್ಮ ಮನೆಗಳಲ್ಲಿ ದೀಪ ‘ಆರಿಸು’ ಅನ್ನಬಾರದು, ಅಪಶಕುನ. ಆರಿಸು ಅನ್ನುವುದಕ್ಕೇ ‘ದೊಡ್ಡದು ಮಾಡು’ ಅನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಳುವೂ ಬರಲಿಲ್ಲ. ಕೈಯಲ್ಲಿ ಟಾರ್ಚು ಉರಿಯುತ್ತಲೇ ಇತ್ತು, ಯಾರೋ ಬಂದು ಫೋನು ತೆಗೆದುಕೊಂಡರು.

ಸಿದ್ದು ಬಂದದ್ದು ಮಣ್ಣಾದ ನಾಲ್ಕು ದಿನಕ್ಕೆ. ಹಡಗಿಗೆ ಹೋಗಿದ್ದ ಸುದ್ದಿ ‘ಅವ್ವ ಇಲ್ಲ’ ಎಂಬುದಷ್ಟೇ. ನಾನು ಬಾಯಿ ಬಿಡುವ ಮೊದಲೇ ಅವನು ಹೇಳಿದ. ಆ ಸಂಜೆ ಹಡಗಿನ ದೀಪ ಹಚ್ಚಿ, ಬೊಂಡಾಸ್ ನೆರಳಿನಲ್ಲಿ ಸೇರುವುದನ್ನು ನೋಡುತ್ತ ನಿಂತಿದ್ದನಂತೆ. ಬೆನ್ನ ಹಿಂದೆ ಅವ್ವನ ದನಿ: ‘ಸಿದ್ದೂ, ದೀಪಾ ದೊಡ್ಡದ ಮಾಡಪಾ.’ ಕೈ ತಾನೇ ಹೋಗಿ ಎಲ್ಲ ದೀಪ ಆರಿಸಿತು. ಕಪ್ಪು ನೀರಿನಲ್ಲಿ ಅವುಗಳ ಬೆನ್ನಿನ ಮಚ್ಚೆಗಳು ಮಿನುಗುತ್ತ ಒಂದೊಂದಾಗಿ ಕೆಳಗಿಳಿದವಂತೆ. ವಿಜ್ಞಾನಿ ಸಾಹೇಬರು ಬೈದು, ದೀಪ ಹಚ್ಚಿದ, ಆರಿಸಿದ ಹೊತ್ತು ಬರೆದಿಡುವ ಪುಸ್ತಕದಲ್ಲಿ ಕಾರಣ ಬರೆಸಿದರು. ಆ ಹಾಳೆಯ ಫೋಟೋ ತೋರಿಸಿದ. ‘ಏಳು ಹತ್ತು, ಮನೆಯಿಂದ ಕರೆದರು.’

ಯಾರೂ ಕರೆದಿರಲಿಲ್ಲ. ಅವ್ವನ ಮಾತು, ಹೊತ್ತು ಎರಡನ್ನೂ ಹೆಂಡತಿ ಅವನಿಗೆ ಹೇಳಿದ್ದಳೇನೋ ಎಂದು ವಿಚಾರಿಸಿದೆ, ಇಲ್ಲ. ಗಡಿಯಾರ ಕೆಟ್ಟಿತ್ತೇನೋ ಎಂದು ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಅವ್ವ ನನ್ನನ್ನು ಸಿದ್ದು ಎಂದು ತಿಳಿದಳೋ, ನಿಜವಾಗಿ ಅವನಿಗೇ ಹೇಳಿದಳೋ, ಇಂದಿಗೂ ಬಗೆಹರಿದಿಲ್ಲ.

ಆಕೆ ಇಲ್ಲಿಯೂ ಅದೇ ಮಾತು ಅಂದಳೆಂದು ತಿಳಿಸಿದೆ. ಸಿದ್ದು ಕೇಳಿದ: ‘ಮತ್ತ ನೀ ದೊಡ್ಡದ ಮಾಡಿದ್ಯಲ್ಲ, ಅಣ್ಣಾ?’

‘ಮಾಡಿದೆ’ ಅಂದೆ.